ಅಂಗುಳ

ನಮ್ಮಲ್ಲಿ ಎರಡಕ್ಕೂ ಒಂದೇ ಮಾತು, ಉರನೋಸ್.
ಕಡಲಹಕ್ಕಿ ಹಾರುವುದೂ ಅದರಲ್ಲೇ,
ಸತ್ತ ಅಜ್ಜ ಇರುವುದೂ ಅದರಲ್ಲೇ.
ನಸುಕಿನಲ್ಲಿ ಅಪ್ಪ ಬೂಟು ಹುಡುಕುತ್ತ
"ಉರನೋಸ್ ಹೇಗಿದೆ?" ಎಂದರೆ
ಕೇಳುತ್ತಿದ್ದುದು ಗಾಳಿಯ ಬಗ್ಗೆ,
ದೋಣಿ ಇಳಿಸಬಹುದೇ ಎಂದು.
ಕಿಟಕಿಯ ಹತ್ತಿರದ ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು
ಪ್ರತಿ ಸಲವೂ ಹೇಳುವಳು:
"ಚೆನ್ನಾಗಿದ್ದಾರೆ, ಎಲ್ಲರೂ."

ತಂಗಿ ಹುಟ್ಟಿದಾಗ ಅಪ್ಪ ಲಿಬಿಯಾದ ಕಡಲಡಿಯಲ್ಲಿ
ಸ್ಪಂಜು ಕೊಯ್ಯುತ್ತಿದ್ದ.
ಸೂಲಗಿತ್ತಿ ಪೊಥಿತಿ ಕಿರುಬೆರಳನ್ನು ಮಗುವಿನ ಬಾಯಿಗಿಟ್ಟಳು,
ತೆಗೆದಳು, ಇನ್ನೊಮ್ಮೆ ಇಟ್ಟಳು,
ದೀಪ ತಾ ಎಂದಳು.
"ಇದರ ಉರನಿಸ್ಕೋಸ್ ಸೀಳಿದೆ."

ಉರನಿಸ್ಕೋಸ್, ಅಂದರೆ ಪುಟ್ಟ ಆಕಾಶ.
ಅಂಗುಳಕ್ಕೆ ನಾವು ಹೇಳುವುದು ಹಾಗೆ.
ಒಂಬತ್ತು ವರ್ಷದ ನಾನು ನಂಬಿಬಿಟ್ಟೆ.
ದೀಪ ಹಿಡಿದು ಇಣುಕಿದೆ.
ನಡುವೆ ಕರಿಯ ಬಿರುಕು,
ಒಂದು ನಕ್ಷತ್ರವೂ ಇಲ್ಲ.

ಚಮಚದಲ್ಲಿ ಕೊಟ್ಟರು, ಬತ್ತಿಯಲ್ಲಿ ಕೊಟ್ಟರು,
ಕೊನೆಗೆ ಅಪ್ಪ ಬಿಟ್ಟುಹೋದ ಸ್ಪಂಜಿನ ಚೂರು ಹಿಂಡಿ ಹನಿ ಹನಿಯಾಗಿ.
ಕುಡಿದ ಹಾಲಿನಲ್ಲಿ ಅರ್ಧ ಮೂಗಿನಿಂದ ಸುರಿಯುವುದು.
ಹಳೆಯ ಪದಗಳ ಹುಚ್ಚು ಹಿಡಿದಿದ್ದ ಮೇಷ್ಟ್ರು ಅನಾರ್ಗಿರೋಸ್
ಸಮಾಧಾನ ಹೇಳಲು ಬಂದು, ಟೋಪಿ ತಿರುವುತ್ತ ಕೂತು,
ಬೇರೇನೂ ತೋಚದೆ ಹೇಳಿದರು:
"ಉರನೋಸ್ ಅಂದರೆ ಮೊದಲಿಗೆ ಮಳೆ ಸುರಿಸುವವನು
ಅಂತಿತ್ತು ಅನ್ನುತ್ತಾರೆ, ತೆಮೆಲೀನಾ."
ಅಮ್ಮ ಬಟ್ಟೆ ಹಿಂಡುತ್ತಿದ್ದಳು.
"ಇರಬಹುದು," ಎಂದಳು,
"ಇವತ್ತಿಗೆ ಇದು ಏಳನೆಯದು."

ಪ್ರಾರ್ಥನೆಯಲ್ಲಿ ಅದು ಬಹುವಚನ,
ಆಕಾಶಗಳಲ್ಲಿರುವ ನಮ್ಮ ತಂದೆಯೇ, ಎಂದು.
ಎಷ್ಟೆಂದು ಯಾರೂ ಹೇಳಿಕೊಡಲಿಲ್ಲ.
ನಾನೇ ಎಣಿಸಿದೆ:
ಬಟ್ಟೆ ಒಣಗುವುದು ಒಂದರ ಕೆಳಗೆ,
ಅಜ್ಜನಿದ್ದದ್ದು ಒಂದರಲ್ಲಿ,
ಹನ್ನೆರಡು ಮಾರು ಆಳದಿಂದ ಅಪ್ಪ ತಲೆಯೆತ್ತಿದರೆ ಕಾಣುವ
ಅಲುಗಾಡುವ ಹಸಿರು ಒಂದು,
ಆಮೇಲೆ ಸೆವಾಸ್ತಿಯದು.

ಸೆವಾಸ್ತಿ ಆ ಮಾತು ಹೇಳಿದರೆ ರ ಕರಗಿಹೋಗುವುದು,
ಕೊನೆಯ ಸ್ ಮೂಗಿನಲ್ಲಿ ಉಸ್ಸೆನ್ನುವುದು.
ಹುಡುಗರು ಮೂಗು ಹಿಡಿದು ಅವಳಂತೆ ಜಪಿಸುವರು.
ಒಂದು ಸಲ ನಾನೂ.
ಅದನ್ನು ಅವಳಿಗೆ ಈವರೆಗೂ ಹೇಳಿಲ್ಲ.

ಏಳನೆಯ ವಯಸ್ಸಿಗೆ ಹಣ ಕೂಡಿತು.
ರಾತ್ರಿಯೆಲ್ಲ ಹಡಗು, ಬೆಳಿಗ್ಗೆ ಪಿರೇಯಸ್,
ಆಸ್ಪತ್ರೆಗೆ ಟ್ಯಾಕ್ಸಿ.
ಒಳಚಾವಣಿಯ ಬಟ್ಟೆ ಕಿತ್ತು ಅಮ್ಮನ ತಲೆವಸ್ತ್ರಕ್ಕೆ ತಾಗುತ್ತಿತ್ತು.
ಚಾಲಕ ಕನ್ನಡಿಯಲ್ಲಿ ನೋಡಿ ನಾಚಿದ:
"ಕ್ಷಮಿಸಿ ತಾಯಿ, ಉರನೋಸ್ ಹರಿದಿದೆ."
ಕಾರಿನ ಆ ಬಟ್ಟೆಗೂ ಅದೇ ಹೆಸರು.
ಅಮ್ಮ ಬಹಳ ಹೊತ್ತು ಅದನ್ನೇ ನೋಡಿದಳು,
ಅಂಗೈಯಿಂದ ಮೇಲಕ್ಕೊತ್ತಿ ಹಿಡಿದಳು.
"ಹೊಲಿಯೋಕೆ ಎಷ್ಟು ತಗೋತಾರೆ?"
"ನಲವತ್ತು ದ್ರಾಖ್ಮಾ ಕೇಳ್ತಾರೆ, ಕಳ್ಳರು."
ಸೆವಾಸ್ತಿ ನಕ್ಕಳು,
ಎಂದಿನಂತೆ ಕೈ ಅಡ್ಡ ಹಿಡಿದು.

ಆ ಚಳಿಗಾಲ ಅಪ್ಪನನ್ನು ದೋಣಿಯಿಂದ ಹೊತ್ತು ತಂದರು.
ಆಳದಿಂದ ಅವಸರದಲ್ಲಿ ಮೇಲೆದ್ದವರಿಗೆ ಆಗುವುದು
ಅವನಿಗೂ ಆಗಿತ್ತು.
ಸೊಂಟದಿಂದ ಕೆಳಗೆ ಅವನದೇನೂ ಅಲ್ಲ.
ಸುಣ್ಣದ ಮಾಳಿಗೆ ನೋಡುತ್ತ ಮಲಗಿರುವನು,
ಬೂಟುಗಳು ಮಂಚದಡಿ ಹಾಗೇ.

ಒಂದು ನಸುಕಿನಲ್ಲಿ, ಅಭ್ಯಾಸಬಲ,
"ಉರನೋಸ್ ಹೇಗಿದೆ?" ಎಂದ.
ಉತ್ತರ ಕೊಡಲು ಅಜ್ಜಿ ಇರಲಿಲ್ಲ,
ಸುಗ್ಗಿಗೆ ಮೊದಲೇ ಹೋಗಿದ್ದಳು.
ನಾನು ಕಿಟಕಿಯತ್ತ ಎದ್ದೆ.

ಅಷ್ಟರಲ್ಲಿ ಸೆವಾಸ್ತಿ
ನಾಲಿಗೆ ಮೇಲಕ್ಕೆ ಮಡಚಿ
ಹೊಲಿಗೆಯ ಗುಂಟ ಮೆಲ್ಲಗೆ ತಡವಿ ನೋಡಿ,
"ಇನ್ನೂ ಸ್ವಲ್ಪ ಎಳೀತದೆ ಅಪ್ಪಾ," ಎಂದಳು,
"ಆದರೆ ಸೋರಲ್ಲ."

ಅಪ್ಪ ಕೇಳಿದ್ದು ಗಾಳಿಯ ಬಗ್ಗೆ.